ಮಾಳಿಗೆಗೆ ಮಣ್ಣು ಹೊತ್ತ ಏಳು ದಿನ

ಮೊದಲ ದಿನ, ಶನಿವಾರ

ಮೇ ತಿಂಗಳ ಮೂರನೆಯ ಶನಿವಾರ ಬೆಳಗಿನ ಐದು ಗಂಟೆಗೆ ಬಳ್ಳಾರಿಯ ನಮ್ಮ ಚರ್ಚಿನ ಅಂಗಳದಿಂದ ಹೊರಟಾಗ ನಾವು 17 ಮಂದಿ ಇದ್ದೆವು. 11 ಹುಡುಗರು, 6 ಹುಡುಗಿಯರು. ನಮ್ಮ ಹಿಂದೆ ಬರುತ್ತಿದ್ದ ಸಣ್ಣ ಲಾರಿಯಲ್ಲಿ 20 ಚೀಲ ಸಿಮೆಂಟು, 12 ತಗಡು, ಸಲಿಕೆ, ಗುದ್ದಲಿ, ಬುಟ್ಟಿ, ಹಗ್ಗ ಮತ್ತು ಎರಡು ಏಣಿಗಳಿದ್ದವು. ಇಷ್ಟನ್ನೂ ನಮ್ಮ ಚರ್ಚಿಗೆ ಸೇರಿದ ಕುಟುಂಬಗಳು ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಉಳಿಸಿ ಕೊಟ್ಟ ಹಣದಿಂದ ಕೊಂಡಿದ್ದೆವು. ರಾಯಚೂರು ಜಿಲ್ಲೆಯ ಮಸ್ಕಿ ಭಾಗದ ಹಳ್ಳಿಗಳಲ್ಲಿ ರೋಗಿಗಳ ಆರೈಕೆಗೆಂದು ಓಡಾಡುವ ಸಿಸ್ಟರ್‌ಗಳು ಹಿಂದಿನ ಮಳೆಗಾಲದಲ್ಲಿ ಒಂದು ಊರಿನಲ್ಲಿ ಸೋರುವ ಮನೆಗಳನ್ನೂ, ಆ ಮನೆಗಳಲ್ಲಿ ಒಂಟಿಯಾಗಿ ಉಳಿದಿದ್ದ ಮುದುಕರನ್ನೂ ಕಂಡು ನಮ್ಮ ಗುರುಗಳಿಗೆ ಪತ್ರ ಬರೆದಿದ್ದರು. ರೋಹಿಣಿ ಮಳೆ ಹುಟ್ಟುವ ಮೊದಲು ಐದು ಮನೆಗಳನ್ನು ರಿಪೇರಿ ಮಾಡಿಕೊಡಬೇಕೆಂಬುದು ನಮ್ಮ ಸಂಕಲ್ಪವಾಗಿತ್ತು.

ಸಿರುಗುಪ್ಪ ದಾಟಿ ದಢೇಸೂಗೂರಿನ ಬಳಿ ತುಂಗಭದ್ರೆಯ ಸೇತುವೆಯ ಮೇಲೆ ಬಂದಾಗ ನದಿಯಲ್ಲಿ ಬಂಡೆಗಳ ನಡುವೆ ಮಾತ್ರ ನೀರಿತ್ತು. ಆಚೆ ದಡದಿಂದ ಸಿಂಧನೂರಿನವರೆಗೆ ಎಡದಂಡೆ ಕಾಲುವೆಯ ಸೀಮೆ. ಎರಡನೆಯ ಬೆಳೆಯ ಭತ್ತ ಕೊಯ್ದಾಗಿತ್ತು, ಕಾಲುವೆ ನಿಂತಿತ್ತು, ಗದ್ದೆಗಳಲ್ಲಿ ಕೂಳೆ ಮಾತ್ರ ಉಳಿದಿತ್ತು. ಅಲ್ಲಲ್ಲಿ ಸುಣ್ಣ ಚೆಲ್ಲಿದಂತೆ ಬೆಳ್ಳಗಾದ ಹೊಲಗಳು ಕಾಣುತ್ತಿದ್ದವು. ವರ್ಷಗಟ್ಟಲೆ ನೀರು ನಿಂತು, ನೆಲದೊಳಗಿನ ಉಪ್ಪು ಮೇಲೆದ್ದು, ಸವಳಾಗಿ ಹೋದ ಭೂಮಿ ಅದು. ಆ ಹಾಳುಬಿದ್ದ ಮಣ್ಣನ್ನೇ ನಾಲ್ಕು ದಿನಗಳಲ್ಲಿ ನಾವು ಟ್ರ್ಯಾಕ್ಟರುಗಟ್ಟಲೆ ಬೇಡಿ ತರುತ್ತೇವೆಂದು ಆಗ ನಮಗೆ ತಿಳಿದಿರಲಿಲ್ಲ.

ಬಿಸಿಲೇರುವ ಮೊದಲೇ ಮಸ್ಕಿ ತಲುಪಿದ್ದರಿಂದ ಅಶೋಕನ ಶಾಸನವಿರುವ ಬಂಡೆಯ ಬಳಿ ಅರ್ಧ ಗಂಟೆ ನಿಂತೆವು. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಎಂಜಿನಿಯರ್ ಒಬ್ಬರ ಕಣ್ಣಿಗೆ ಬಿದ್ದ ಶಾಸನವಿದು. ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆಗೆ ‘ಅಶೋಕ’ ಎಂಬ ಹೆಸರು ಸ್ಪಷ್ಟವಾಗಿ ದೊರೆತದ್ದು ಇಲ್ಲಿಯೇ ಮೊದಲು. ಧರ್ಮದ ಫಲ ದೊಡ್ಡವರಿಗೆ ಮಾತ್ರ ದಕ್ಕುವುದೆಂದು ತಿಳಿಯಬಾರದು, ಸಣ್ಣವರೂ ಅದನ್ನು ಪಡೆಯಬಲ್ಲರು ಎಂಬ ಅದರ ತಾತ್ಪರ್ಯವನ್ನು ನಮ್ಮ ಗುಂಪಿನ ಇತಿಹಾಸದ ವಿದ್ಯಾರ್ಥಿನಿ ವಿವರಿಸಿದಳು. ಎರಡು ಸಾವಿರ ವರ್ಷಗಳಿಗೂ ಹಿಂದೆ ಈ ಬಿಸಿಲು ನಾಡಿನ ಬಂಡೆಯ ಮೇಲೆ ಆ ಮಾತನ್ನು ಕೊರೆಸಿದ್ದಾರೆಂಬುದು ನನ್ನನ್ನು ಬಹಳ ಹೊತ್ತು ಕಾಡಿತು.

ಊರು ಮಸ್ಕಿಯಿಂದ ಒಳಕ್ಕೆ, ಕಾಲುವೆಯ ನೀರು ಏರದ ಎತ್ತರದಲ್ಲಿದೆ. ಸಜ್ಜೆ, ತೊಗರಿ, ಜೋಳದ ಒಣಬೇಸಾಯ; ಮಳೆ ಕೈಕೊಟ್ಟರೆ ಗುಳೆ. ಬೇಸಿಗೆ ರಜೆಯಾದ್ದರಿಂದ ಸರಕಾರಿ ಶಾಲೆಯ ಎರಡು ಕೋಣೆಗಳನ್ನು ನಮಗೆ ಬಿಟ್ಟುಕೊಟ್ಟಿದ್ದರು. ಸ್ವಸಹಾಯ ಸಂಘದ ತಾಯಂದಿರು ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಸಿದ್ಧಮಾಡಿಟ್ಟಿದ್ದರು.

ಎರಡನೆಯ ದಿನ, ಭಾನುವಾರ

ಭಾನುವಾರವಾದ್ದರಿಂದ ಬೆಳಿಗ್ಗೆ ಲಿಂಗಸೂಗೂರಿನ ಆಚೆಯ ಮುದಗಲ್ಲಿಗೆ ಬಲಿಪೂಜೆಗೆ ಹೋದೆವು. ಕೋಟೆಗೂ ಮೊಹರಮ್ಮಿಗೂ ಹೆಸರಾದ ಆ ಊರಿನಲ್ಲಿ ಆದಿಲ್‌ಶಾಹಿಗಳ ಕಾಲದಿಂದ, ಗೋವೆಯ ಕಡೆಯಿಂದ ಬಂದ ಯೇಸುಸಭೆಯ (ಜೆಸ್ವಿಟ್) ಗುರುಗಳ ದಿನಗಳಿಂದ, ಕ್ರೈಸ್ತರು ನೆಲೆಸಿದ್ದಾರೆ. ಅಲ್ಲಿನ ಹಿರಿಯರ ಕನ್ನಡ ಪ್ರಾರ್ಥನೆಯ ರಾಗ ನಮ್ಮದಕ್ಕಿಂತ ನಿಧಾನ, ನಮ್ಮದಕ್ಕಿಂತ ಗಟ್ಟಿ.

ಸಂಜೆ ಐದೂ ಮನೆಗಳನ್ನು ನೋಡಿ ಬಂದೆವು. ಮೊದಲನೆಯದು ಒಬ್ಬ ಆಯಿಯ (ಅಜ್ಜಿಯ) ಮನೆ. ಇಬ್ಬರು ಗಂಡುಮಕ್ಕಳು ಹೆಂಡಿರೊಂದಿಗೆ ಬೆಂಗಳೂರಿನಲ್ಲಿ ಕಟ್ಟಡ ಕೆಲಸಕ್ಕೆ ಹೋಗಿ ಒಂಬತ್ತು ವರ್ಷಗಳಾಗಿದ್ದವು. ಆಯಿಯ ಜೊತೆಗೆ ಶಾಲೆಗೆ ಹೋಗುವ ಮೊಮ್ಮಗಳೊಬ್ಬಳಿದ್ದಳು. ಎರಡನೆಯದು ಹಿಂದೆ ಗಾದಿ ತುಂಬುವ ಕೆಲಸ ಮಾಡುತ್ತಿದ್ದ ಮುಸ್ಲಿಂ ಹಿರಿಯರೊಬ್ಬರದು. ಊರೆಲ್ಲ ಅವರನ್ನು ಚಾಚಾ ಎನ್ನುತ್ತಿತ್ತು. ಮೂರನೆಯದು ಮಾತ್ರ ಕ್ರೈಸ್ತ ಕುಟುಂಬದ್ದು. ನಾಲ್ಕನೆಯ ಮನೆಗೆ ಬೇಕಾಗಿದ್ದದ್ದು ಒಂದು ಗೋಡೆ. ಐದನೆಯದು ಊರ ತುದಿಯಲ್ಲಿ, ಕಣ್ಣು ಮಂಜಾದ ಒಬ್ಬ ಮುತ್ಯಾನದು (ಅಜ್ಜನದು). ಯಾವ ಮನೆಯಲ್ಲಿಯೂ ಯಾರೂ ನಮ್ಮ ಧರ್ಮವನ್ನು ಕೇಳಲಿಲ್ಲ, ಕೇಳಿದ್ದು ಒಂದೇ ಪ್ರಶ್ನೆ: “ಮಾಳಿಗಿ ಹತ್ತೀರೇನು?” ಇಲ್ಲಿ ಮಾಳಿಗೆಯೆಂದರೆ ಮಣ್ಣು ಹೊದಿಸಿದ ಚಾವಣಿ.

ಊರಿನ ಗೌಂಡಿ ಕಾಕಾ ನಮ್ಮ ಲಾರಿಯ ಸುತ್ತ ಒಂದು ಸುತ್ತು ಬಂದು ಸಿಮೆಂಟಿನ ಚೀಲಗಳನ್ನು ನೋಡಿದರು. ಮಣ್ಣಿನ ಗೋಡೆಗಳಿಗೆ ಸಿಮೆಂಟಿನ ಗಿಲಾವು ಮಾಡಿ, ಮಾಳಿಗೆಯ ಮೇಲೆ ತಗಡು ಹೊದಿಸುವುದು ನಮ್ಮ ಯೋಜನೆಯೆಂದು ನಾನು ವಿವರಿಸಿದೆ. ಡಿಪ್ಲೊಮಾ ಓದಿದವನೆಂಬ ಧೈರ್ಯ ನನಗಿತ್ತು. ಅವರು ಕೇಳಿ ಮುಗಿಸಿ, “ತಮ್ಮಾ, ಮಣ್ಣಿನ ಗ್ವಾಡಿಗೆ ಸಿಮೆಂಟ್ ಬಡದ್ರ ಗ್ವಾಡಿಗೆ ಉಸುರು ಕಟ್ಟತೈತಿ. ಒಳಗಿನ ಹಸಿ ಹೊರಗ ಬರಂಗಿಲ್ಲ. ಎರಡು ವರ್ಷಕ್ಕ ಹಪ್ಪಳದಂಗ ಏಳತೈತಿ, ಏಳೂ ಮುಂದ ಅರ್ಧ ಗ್ವಾಡಿ ಕಿತ್ತುಕೊಂಡು ಬೀಳತೈತಿ” ಎಂದರು. ಮಾತಿಗೆ ಸಾಕ್ಷಿಯಾಗಿ ಪಕ್ಕದ ಓಣಿಯ ಒಂದು ಮನೆಗೆ ಕರೆದೊಯ್ದರು. ಅಲ್ಲಿ ಸಿಮೆಂಟಿನ ಪದರ ಗೋಡೆಯಿಂದ ಒಂದು ಗೇಣು ಹೊರಗೆ ಉಬ್ಬಿ ನಿಂತಿತ್ತು; ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತಿತ್ತು. ಆ ರಾತ್ರಿ ಜಪಮಾಲೆ ಮುಗಿದ ಮೇಲೆ ಬಹಳ ಹೊತ್ತು ಚರ್ಚೆ ನಡೆಯಿತು. ದಾನಿಗಳು ಕೊಟ್ಟ ಸಾಮಗ್ರಿಯನ್ನು ಬಳಸದೆ ಬಿಡುವುದು ಹೇಗೆ ಎಂದು ಕೆಲವರಿಗೆ ಅನ್ನಿಸಿತು. ಕೊನೆಗೆ ಗೌಂಡಿ ಕಾಕಾ ಹೇಳಿದಂತೆ ನಡೆಯುವುದೆಂದು ತೀರ್ಮಾನವಾಯಿತು, ಮತ್ತು ಆ ತೀರ್ಮಾನವೇ ನಮ್ಮ ಇಡೀ ಪ್ರವಾಸವನ್ನು ಉಳಿಸಿತು.

ಮೂರನೆಯ ದಿನ, ಸೋಮವಾರ

ಬೆಳಗಿನ ಐದೂವರೆಗೆ ಕೆಲಸಕ್ಕೆ ನಿಂತು ಹನ್ನೊಂದಕ್ಕೆ ಬಿಡುವುದು, ಮತ್ತೆ ನಾಲ್ಕರಿಂದ ಕತ್ತಲಾಗುವವರೆಗೆ ದುಡಿಯುವುದು ಎಂದು ಗೊತ್ತುಮಾಡಿಕೊಂಡೆವು. ರಾಯಚೂರು ಸೀಮೆಯ ಮೇ ತಿಂಗಳಲ್ಲಿ ಇದರ ಹೊರತು ಬೇರೆ ವೇಳಾಪಟ್ಟಿ ಸಾಧ್ಯವಿಲ್ಲ.

ಆಯಿಯ ಮಾಳಿಗೆಯ ಮೇಲೆ ಮೊದಲು ಗುದ್ದಲಿ ಹಾಕಲು ಹೋದಾಗ ಗೌಂಡಿ ಕಾಕಾ ತಡೆದರು. ಮೊದಲು ಒಳಗೆ ಆಸರೆ ಕೊಡಬೇಕು. ಆಮೇಲೆ ಮೇಲೆ ಹತ್ತಬೇಕು. ನಡುಮನೆಯ ತೊಲೆಗೆ ಮೂರು ಜಾಲಿ ಕಂಬಗಳನ್ನು ನಿಲ್ಲಿಸಿ, ಬುಡಕ್ಕೆ ಕಲ್ಲು ಬಡಿದು, ಅಲುಗದೆಂದು ಖಚಿತವಾದ ಮೇಲೆ ಮಾಳಿಗೆ ಹತ್ತಿದೆವು. ತೊಲೆಯ ಒಂದು ತುದಿಯನ್ನು ಗೆದ್ದಲು ತಿಂದು ಬರಿಯ ಸಿಪ್ಪೆ ಉಳಿಸಿತ್ತು. ಆ ತೊಲೆಯ ಕೆಳಗೆ ಆಯಿ ಮತ್ತು ಆ ಹುಡುಗಿ ದಿನವೂ ಮಲಗುತ್ತಿದ್ದರು.

ಮಣ್ಣಿನ ಮಾಳಿಗೆಯನ್ನು ಬಲ್ಲವರಿಗೆ ಅದರ ರಚನೆ ಹೊಸದಲ್ಲ. ಗೋಡೆಯಿಂದ ಗೋಡೆಗೆ ತೊಲೆ, ತೊಲೆಯ ಮೇಲೆ ಅಡ್ಡಲಾಗಿ ಜಂತಿಗಳು, ಅವುಗಳ ಮೇಲೆ ಒತ್ತಾಗಿ ತೊಗರಿ ಕಟ್ಟಿಗೆ, ಅದರ ಮೇಲೆ ಬೇವಿನ ಸೊಪ್ಪು, ಆಮೇಲೆ ಕಲಸಿದ ಮಣ್ಣು, ಎಲ್ಲಕ್ಕಿಂತ ಮೇಲೆ ಸವಳು ಮಣ್ಣು. ಸುತ್ತ ಮೊಣಕಾಲೆತ್ತರದ ಕುಂಬಿ (ಅಂಚುಗೋಡೆ); ಒಂದು ಕಡೆಗೆ ವಾಟ (ಇಳಿಜಾರು); ವಾಟದ ತುದಿಯಲ್ಲಿ ಮಳೆನೀರು ಹೊರಹೋಗಲು ತಗಡಿನ ದೋಣಿ. ಹೊರಗೆ ನಲವತ್ತು ಡಿಗ್ರಿ ಮೀರಿದ ಬಿಸಿಲಿದ್ದರೂ ಇಂತಹ ಮನೆಯೊಳಗೆ ಕುಳಿತು ಮಧ್ಯಾಹ್ನ ಕಳೆಯಬಹುದು. ತಗಡಿನ ಕೆಳಗೆ ಅದು ಆಗದ ಮಾತು. ಈ ಒಂದು ಕಾರಣಕ್ಕೇ ನಮ್ಮ 12 ತಗಡುಗಳ ಯೋಜನೆ ತಪ್ಪಾಗಿತ್ತು.

ಆದರೆ ಈ ಮಾಳಿಗೆ ವರ್ಷಕ್ಕೊಮ್ಮೆ ಆರೈಕೆ ಕೇಳುತ್ತದೆ. ಮಳೆಗಾಲದಲ್ಲಿ ಮೊಳೆತ ಹುಲ್ಲನ್ನು ಬೇರುಸಹಿತ ಕೀಳಬೇಕು, ಇಲಿಯ ಬಿಲ ಮುಚ್ಚಬೇಕು, ಬಿರುಕಿಗೆ ಹೊಸ ಮಣ್ಣು ತುಂಬಿ ಬಡಿಯಬೇಕು. ಮನೆಯಲ್ಲಿ ಗಟ್ಟಿ ಆಳುಗಳಿದ್ದಾಗ ಇದು ಎರಡು ದಿನದ ಕೆಲಸ. ಮಕ್ಕಳು ಗುಳೆ ಹೋದ ಮನೆಯಲ್ಲಿ ಆಯಿಯೊಬ್ಬಳು ಬುಟ್ಟಿ ಹೊತ್ತು ಏಣಿ ಹತ್ತುವುದು ಹೇಗೆ? ಸೋರಿದ ವರ್ಷ ಯಾರಿಗಾದರೂ ಕೂಲಿ ಕೊಟ್ಟು ಮೇಲೊಂದು ಪದರ ಮಣ್ಣು ಹಾಕಿಸುತ್ತಿದ್ದಳು. ಹಳೆಯದನ್ನು ತೆಗೆಸುವಷ್ಟು ಹಣ ಇರುತ್ತಿರಲಿಲ್ಲ. ಹೀಗೆ ಪದರದ ಮೇಲೆ ಪದರ ಬಿದ್ದು ಮಣ್ಣು ಒಂದೂವರೆ ಅಡಿ ದಪ್ಪವಾಗಿತ್ತು. ಮನೆಯ ಉದ್ದ 18 ಅಡಿ, ಅಗಲ 12 ಅಡಿ. ನಾನು ಲೆಕ್ಕ ಹಾಕಿದೆ: ಒಂದು ಘನ ಮೀಟರು ಮಣ್ಣಿಗೆ ಸುಮಾರು 1,600 ಕಿಲೋ ಎಂದು ಹಿಡಿದರೂ ಆ ಮಾಳಿಗೆಯ ಮೇಲೆ 15 ಟನ್ನಿನಷ್ಟು ಭಾರವಿತ್ತು. ಈ ಮನೆಗಳು ಬೀಳುವುದು ಮಣ್ಣಿನ ದೋಷದಿಂದಲ್ಲ. ಮಣ್ಣನ್ನು ನೋಡಿಕೊಳ್ಳುತ್ತಿದ್ದ ಕೈಗಳು ಊರು ಬಿಟ್ಟದ್ದರಿಂದ. ಮಹಾನಗರದ ಮನೆಗಳಿಗೆ ಚಾವಣಿ ಹಾಕುವ ಕೈಗಳ ತವರಿನಲ್ಲಿ ಚಾವಣಿ ಕುಸಿಯುತ್ತಿರುವುದನ್ನು ಕಣ್ಣಾರೆ ಕಂಡು ನನಗೆ ದುಃಖವಾಯಿತು, ಕೋಪವೂ ಬಂತು.

ಸಾಲಾಗಿ ನಿಂತು ಬುಟ್ಟಿಯಿಂದ ಬುಟ್ಟಿಗೆ ಮಣ್ಣು ಇಳಿಸಿದೆವು. ಎಣಿಸುತ್ತಿದ್ದ ಮೊಮ್ಮಗಳು ಆರುನೂರರ ನಂತರ ಸುಮ್ಮನಾದಳು. ಮಣ್ಣಿನೊಳಗಿಂದ ಮುರಿದ ಬಳೆ, ಒಂದು ಗೋಲಿ, ತುಕ್ಕು ಹಿಡಿದ ಕುಡುಗೋಲು ಸಿಕ್ಕವು. ಕುಡುಗೋಲನ್ನು ಕೈಗೆ ತೆಗೆದುಕೊಂಡ ಆಯಿ, “ಇದು ಮುತ್ಯಾಂದು” ಎಂದು ಸೆರಗಿನಿಂದ ಒರೆಸಿ ಒಳಗೆ ಇಟ್ಟಳು.

ನಾಲ್ಕನೆಯ ದಿನ, ಮಂಗಳವಾರ

ಹೊಸ ತೊಲೆಗೆ ಬಡಿಗೇರರು ಹಳೆಯ ಬೇವಿನ ಮರವೊಂದನ್ನು ಕೊಯ್ದು ಕೊಟ್ಟರು. ಬೇವಿಗೆ ಗೆದ್ದಲು ಬೇಗ ಹತ್ತುವುದಿಲ್ಲ. ಎಂಟು ಜನ ಹೆಗಲು ಕೊಟ್ಟು ಅದನ್ನು ಏರಿಸಿ ಕೂರಿಸುವುದರೊಳಗೆ ಮಧ್ಯಾಹ್ನವಾಗಿತ್ತು. ಅದೇ ಹೊತ್ತಿಗೆ ಬೆಂಗಳೂರಿನಿಂದ ಆಯಿಯ ಹಿರಿಯ ಮಗ ಫೋನು ಮಾಡಿದ್ದ. ಅವನು ಅಲ್ಲಿ ಸೆಂಟ್ರಿಂಗ್ ಕೆಲಸಗಾರ. ತೊಲೆಯ ಉದ್ದ, ದಪ್ಪ, ಗೋಡೆಯ ಮೇಲೆ ಎಷ್ಟು ಕೂತಿದೆ ಎಂಬುದನ್ನೆಲ್ಲ ಕೇಳಿ ತಿಳಿದುಕೊಂಡ. ಗೋಡೆಯ ಮೇಲೆ ತೊಲೆ ಕೂರುವಲ್ಲಿ ಹಾಸುಗಲ್ಲು ಇಡಿರಿ ಎಂದು ಸೂಚಿಸಿದ. ಆ ಸೂಚನೆ ಸರಿಯಾಗಿತ್ತು, ಕಲ್ಲು ಇಟ್ಟೆವು. ಕೊನೆಗೆ, “ಅಣ್ಣಾರ, ಹಳೇ ತೊಲಿ ಒಲಿಗೆ ಹಾಕಬ್ಯಾಡ್ರಿ” ಎಂದ. ಗಟ್ಟಿಯಾಗಿದ್ದ ಭಾಗವನ್ನು ಕತ್ತರಿಸಿ ಬಚ್ಚಲಿನ ಬಾಗಿಲಿನ ಮೇಲೆ ಅಡ್ಡತೊಲೆಯಾಗಿ ಇಟ್ಟೆವು.

ಸಿಮೆಂಟಿಗೂ ಯೋಗ್ಯ ಸ್ಥಳ ದೊರೆತದ್ದು ಈ ಬಚ್ಚಲಿನಲ್ಲಿಯೇ. ಸ್ನಾನದ ನೀರು ದಿನವೂ ಗೋಡೆಯ ಬುಡಕ್ಕೆ ಹರಿದು, ಅಲ್ಲಿನ ಮಣ್ಣು ಮೆತ್ತಗಾಗಿ ಒಂದು ಮೊಳದಷ್ಟು ಕೊರೆದುಹೋಗಿತ್ತು. ಬುಡವನ್ನು ಕಲ್ಲಿನಿಂದ ಕಟ್ಟಿ, ಬಚ್ಚಲಿಗೆ ಶಹಾಬಾದಿ ಕಲ್ಲು ಹಾಸಿ, ಸಿಮೆಂಟಿನ ಸಣ್ಣ ಚರಂಡಿ ಮಾಡಿ ನೀರನ್ನು ಹಿತ್ತಲಿನ ನುಗ್ಗೆ ಗಿಡಕ್ಕೆ ತಿರುಗಿಸಿದೆವು. ಎಲ್ಲ ಮನೆಗಳಲ್ಲಿಯೂ ಇದೇ ರೋಗವಿದ್ದುದರಿಂದ ಸಿಮೆಂಟು ಪೂರ್ತಿ ಇದಕ್ಕೇ ಹೋಯಿತು. ಗೋಡೆಗಳಿಗೆ ಹುಡುಗಿಯರ ತಂಡವು ಊರಿನ ಹೆಣ್ಣುಮಕ್ಕಳಿಂದ ಕಲಿತು ಮಣ್ಣನ್ನೇ ಮೆತ್ತಿತು. ಮಸಾರಿ (ಕೆಂಪು) ಮಣ್ಣಿಗೆ ಹುಲ್ಲು ಬೆರೆಸಿ, ಮೊದಲೇ ನೀರು ಹಾಕಿ ಕೊಳೆಸಲು ಬಿಟ್ಟಿದ್ದನ್ನು ಕಾಲಿನಿಂದ ತುಳಿದು ತುಳಿದು ಹದಮಾಡುವುದು. ಎರೆ ಮಣ್ಣು ಇದಕ್ಕೆ ಬಾರದು; ನೆಂದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ.

ಸಂಜೆ ಸವಳು ಮಣ್ಣಿನ ಟ್ರ್ಯಾಕ್ಟರ್ ಬಂತು. ಕಾಲುವೆ ಸೀಮೆಯ ರೈತರೊಬ್ಬರು, ಬೆಳೆ ಬಾರದ ತಮ್ಮ ಹೊಲದಿಂದ ಎಷ್ಟು ಬೇಕಾದರೂ ಒಯ್ಯಿರಿ ಎಂದು ಪುಕ್ಕಟೆ ಕೊಟ್ಟಿದ್ದರು. ಪೈರಿನ ಬೇರಿಗೆ ನೀರು ಇಳಿಯಗೊಡದ ಗುಣವೇ ಮಾಳಿಗೆಯ ಮೇಲೆ ವರವಾಗುತ್ತದೆ. ಮೊದಲ ಹನಿಗಳಿಗೇ ಈ ಮಣ್ಣಿನ ಸಣ್ಣ ಕಣಗಳು ಹರಡಿಕೊಂಡು ರಂಧ್ರಗಳನ್ನು ಮುಚ್ಚುತ್ತವೆ, ನೀರು ಕೆಳಗೆ ಇಳಿಯದೆ ದೋಣಿಯತ್ತ ಹರಿಯುತ್ತದೆ. ಹೊಸ ಪದರವನ್ನು ಎಂಟು ಅಂಗುಲಕ್ಕೆ ನಿಲ್ಲಿಸಿದೆವು. ಹಳೆಯ ಭಾರದ ಅರ್ಧಕ್ಕಿಂತಲೂ ಕಡಿಮೆ.

ಐದನೆಯ ದಿನ, ಬುಧವಾರ

ಆಯಿಯ ಮಾಳಿಗೆಯನ್ನು ಬೆಳಿಗ್ಗೆ ದಿಮ್ಮಸಿನಿಂದ ಬಡಿದು ಮುಗಿಸಿ ಚಾಚಾ ಅವರ ಮನೆಗೆ ಕೈಹಾಕಿದೆವು. ಮೂರನೆಯ ಮನೆಯಲ್ಲಿ ಹಳೆಯ ತಗಡುಗಳೇ ತೂತಾಗಿದ್ದವು. ನಾವು ತಂದ 12ರಲ್ಲಿ 9 ಅಲ್ಲಿ ಬಳಕೆಯಾದವು. ನಾಲ್ಕನೆಯ ಮನೆಯ ಗೋಡೆ ಎದೆಯೆತ್ತರಕ್ಕೆ ಬಂದಿತ್ತು.

ಸಂಜೆ ಐದರ ಹೊತ್ತಿಗೆ ಪಡುವಣದಲ್ಲಿ ಕೆಂಪು ದೂಳು ಗೋಡೆಯಂತೆ ಎದ್ದಿತು. ಕೃತ್ತಿಕೆಯ ಮಳೆ. ಚಾಚಾ ಅವರ ಮಾಳಿಗೆಯ ಅರ್ಧ ಭಾಗ ಆಗ ಜಂತಿಯವರೆಗೆ ಬಯಲಾಗಿತ್ತು. ಗಾಳಿಗೆ ಏಣಿಯೇ ಉರುಳಿತು. ತಾಡಪತ್ರಿಯ ನಾಲ್ಕು ಮೂಲೆಗಳನ್ನು ಹಿಡಿದು ಹತ್ತು ಜನ ಮೇಲೆ ಕುಳಿತೆವು. ಕೆಳಗೆ ಉಳಿದವರು ಜೋಳದ ಚೀಲ, ಹಾಸಿಗೆ, ಟ್ರಂಕು, ಕಪಾಟಿನಲ್ಲಿದ್ದ ಪವಿತ್ರ ಗ್ರಂಥ ಎಲ್ಲವನ್ನೂ ಪಕ್ಕದ ಲಿಂಗಾಯತರ ಪಡಸಾಲೆಗೆ ಸಾಗಿಸಿದರು. ಆಲಿಕಲ್ಲು ಬೆನ್ನಿಗೆ ಬಡಿಯುತ್ತಿತ್ತು. ಚಾಚಾ ಅಂಗಳದಲ್ಲಿ ನಿಂತು, “ಇಳೀರಿ ಮಕ್ಕಳ್ರಾ, ಮನಿ ಹೋದ್ರ ಹೋಗಲಿ, ಸಿಡ್ಲು ಬಡೀತೈತಿ, ಇಳೀರಿ” ಎಂದು ಕೂಗುತ್ತಿದ್ದರು. ಅವರ ಮಾತು ನಿಜವಾಗಿತ್ತು. ಮಿಂಚು ಹತ್ತಿರ ಬಂದಾಗ ತಾಡಪತ್ರಿಗೆ ಕಲ್ಲು ಹೇರಿ ಇಳಿದೆವು. ಮೊದಲೇ ಇಳಿಯಬೇಕಿತ್ತು ಎಂದು ಆ ರಾತ್ರಿ ಗುರುಗಳು ಹೇಳಿದ್ದನ್ನು ಎಲ್ಲರೂ ಒಪ್ಪಿಕೊಂಡೆವು.

ಮಳೆ ನಿಂತ ಮೇಲೆ ಲಾಟೀನು ಹಿಡಿದು ಆಯಿಯ ಮನೆಗೆ ಹೋದೆ. ನಡುಮನೆ ಒಣಗಿತ್ತು. ಈಶಾನ್ಯದ ಮೂಲೆಯಲ್ಲಿ ಮಾತ್ರ ಗೋಡೆಯ ಮೇಲೆ ಒಂದು ಕೆಸರಿನ ಗೆರೆ ಇಳಿದು ಕೆಳಗಿನ ಪಾತ್ರೆಯಲ್ಲಿ ನೀರು ಟಪಟಪ ಬೀಳುತ್ತಿತ್ತು. ಕುಂಬಿಗೂ ಮಾಳಿಗೆಗೂ ಸಂದು ಕೂಡುವಲ್ಲಿ ಮಣ್ಣನ್ನು ಗೋಡೆಗೆ ಹತ್ತಿಸಿ ಬಡಿಯಬೇಕೆಂದು ಗೌಂಡಿ ಕಾಕಾ ಎರಡು ಸಲ ಹೇಳಿದ್ದರು. ಆ ಮೂಲೆಯನ್ನು ಬಡಿದವನು ನಾನೇ. ಆಯಿ ಒಂದು ಮಾತೂ ಆಡಲಿಲ್ಲ. ಪಾತ್ರೆ ತುಂಬಿದಾಗ ಎದ್ದು ಚೆಲ್ಲಿ ಬಂದಳು. ಆ ಮೌನದ ಮುಂದೆ ನಿಂತದ್ದು ಆ ವಾರದ ಅತ್ಯಂತ ಕಷ್ಟದ ಗಳಿಗೆ.

ಆರನೆಯ ದಿನ, ಗುರುವಾರ

ಬೆಳಕು ಹರಿಯುವ ಮೊದಲೇ ಹೋಗಿ ಆ ಮೂಲೆಯನ್ನು ಕೆತ್ತಿ, ಸಂದಿಗೆ ಮಣ್ಣು ತುಂಬಿ, ಕುಂಬಿಯ ಬುಡಕ್ಕೆ ಓರೆಯಾಗಿ ಹತ್ತಿಸಿ ಬಡಿದೆ. ಗೌಂಡಿ ಕಾಕಾ ಬಂದು ನಾಲ್ಕು ಕೊಡ ನೀರು ಸುರಿಸಿ, ಒಳಗೆ ಹೋಗಿ ನೋಡಿ, ಸರಿಯಾಯಿತೆಂದು ತಲೆಯಾಡಿಸಿದರು.

ಉಳಿದ ದಿನವೆಲ್ಲ ಚಾಚಾ ಅವರ ಮನೆಯದು. ಆ ದಿನ ನಾವು 17 ಮಂದಿ ಮಾತ್ರ ಇರಲಿಲ್ಲ. ಹಿಂದಿನ ರಾತ್ರಿಯ ಓಡಾಟವನ್ನು ಕಂಡಿದ್ದ ಊರಿನ ಇಪ್ಪತ್ತಕ್ಕೂ ಹೆಚ್ಚು ಜನ ಬುಟ್ಟಿ ಹಿಡಿದು ಬಂದರು. ವಯಸ್ಸಾದವರು ಕಟ್ಟೆಯ ಮೇಲೆ ಕುಳಿತು 2009ರ ಸೆಪ್ಟೆಂಬರ್ ಕೊನೆಯ ಮಳೆಯನ್ನು ನೆನೆಯುತ್ತಿದ್ದರು. ದಿನಗಟ್ಟಲೆ ಬಿಡದೆ ಸುರಿದ ಆ ಮಳೆಗೆ ಮಾಳಿಗೆಗಳು ಮೇಲಿನಿಂದ ಸೋರಿದ್ದಕ್ಕಿಂತ ಗೋಡೆಗಳು ಬುಡದಿಂದ ಕುಸಿದದ್ದೇ ಹೆಚ್ಚು ಎಂದು ಅವರು ಹೇಳಿದ್ದನ್ನು ನಾನು ಬರೆದುಕೊಂಡೆ. ಕತ್ತಲಾಗುವ ಹೊತ್ತಿಗೆ ಚಾಚಾ ಅವರ ಮಾಳಿಗೆ, ನಾಲ್ಕನೆಯ ಮನೆಯ ಗೋಡೆ ಎರಡೂ ಮುಗಿದವು. ಚಾಚಿ ಎಲ್ಲರಿಗೂ ಮಂಡಕ್ಕಿ ಒಗ್ಗರಣಿ, ಮಿರ್ಚಿ ಮಾಡಿಕೊಟ್ಟರು.

ಏಳನೆಯ ದಿನ, ಶುಕ್ರವಾರ

ಐದನೆಯ ಮನೆಗೆ ನಮಗೆ ದಿನ ಉಳಿಯಲಿಲ್ಲ. ಕಾಲೇಜಿನ ಪರೀಕ್ಷೆ ಇದ್ದವರೂ ಕೆಲಸಕ್ಕೆ ಮರಳಬೇಕಾದವರೂ ಇದ್ದುದರಿಂದ ಮಧ್ಯಾಹ್ನ ಹೊರಡಲೇಬೇಕಿತ್ತು. ಬೆಳಗಿನ ಐದು ಗಂಟೆಗಳ ಅವಧಿಯಲ್ಲಿ ಮುತ್ಯಾನ ಮಾಳಿಗೆಯ ಹುಲ್ಲು ಕಿತ್ತು, ಬಿಲಗಳನ್ನು ಮುಚ್ಚಿ, ಬಾಗಿದ ತೊಲೆಗೆ ಎರಡು ಆಸರೆ ಕಂಬ ಕೊಟ್ಟೆವು. ಭಾರ ಇಳಿಸುವುದು ಆಗಲಿಲ್ಲ. ಉಳಿದಿದ್ದ ಮೂರು ತಗಡುಗಳನ್ನು ಅವನು ಮಲಗುವ ಜಾಗದ ಮೇಲೆ ಬರುವಂತೆ ಹಾಸಿ, ಅದರ ಮೇಲೆ ತಾಡಪತ್ರಿ ಹೊದಿಸಿ, ಅಂಚಿಗೆ ಕಲ್ಲು ಹೇರಿದೆವು. ಸಲಿಕೆ, ದಿಮ್ಮಸು, ಬುಟ್ಟಿ, ಏಣಿಗಳನ್ನು ಗೌಂಡಿ ಕಾಕಾ ಅವರ ಮನೆಯಲ್ಲಿಯೇ ಬಿಟ್ಟೆವು. ಬರುವ ವರ್ಷ ಬಸವ ಜಯಂತಿ ಕಳೆದ ಮೇಲೆ, ಕೃತ್ತಿಕೆ ಹುಟ್ಟುವ ಮೊದಲೇ ಬರುವುದೆಂದು, ಮೊದಲ ಬುಟ್ಟಿ ಮಣ್ಣು ಮುತ್ಯಾನ ಮಾಳಿಗೆಯಿಂದಲೇ ಇಳಿಸುವುದೆಂದು ಮಾತಾಯಿತು.

ಮುತ್ಯಾ ಕಂಬವನ್ನು ಎರಡೂ ಕೈಗಳಿಂದ ತಡವಿ, ಬುಡದ ಕಲ್ಲನ್ನು ಮುಟ್ಟಿ ನೋಡಿ, ತನ್ನ ಹಾಸಿಗೆಯನ್ನು ಕಂಬದ ಪಕ್ಕಕ್ಕೆ ಸರಿಸಿಕೊಂಡ. ಮಳೆ ಜೋರಾದ ರಾತ್ರಿ ಅವನನ್ನು ಶಾಲೆಯ ಕೋಣೆಗೆ ಕರೆದೊಯ್ಯುವ ಹೊಣೆಯನ್ನು ಪಕ್ಕದ ಮನೆಯ ಹುಡುಗ ಒಪ್ಪಿಕೊಂಡಿದ್ದಾನೆ. ರೋಹಿಣಿ ಹುಟ್ಟಿದ ದಿನದಿಂದ ನಾನು ಅವನಿಗೆ ದಿನವೂ ಸಂಜೆ ಫೋನು ಮಾಡುತ್ತಿದ್ದೇನೆ.